ಬಾಲದಲ್ಲಿ ಕೂತಿದ್ದ ಹುಡುಗ

ಪ್ರೀತಿಯ ಪುಟ್ಟಿ,

"ದಿನಾ ರಾತ್ರಿ ಊಟ ಆಯಿತಾ, ಊಟ ಆಯಿತಾ ಎಂದು ಅದನ್ನೇ ಏನು ಕೇಳುತ್ತೀಯಮ್ಮ?" ಎಂದು ಮೊನ್ನೆ ಫೋನಿನಲ್ಲಿ ರೇಗಿದೆಯಲ್ಲ, ಆ ಮಾತು ಮನಸ್ಸಿನಲ್ಲಿ ಇನ್ನೂ ಇರುವಾಗಲೇ ನಿನ್ನ ಅಣ್ಣ ನನ್ನನ್ನು ಲಂಡನ್ನಿನ ಹೆಂಡನ್‌ನಲ್ಲಿರುವ ವಾಯುಪಡೆ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಲ್ಯಾಂಕಾಸ್ಟರ್ ಬಾಂಬರ್ ನಿಂತಿದೆ. ಎರಡನೇ ಮಹಾಯುದ್ಧದಲ್ಲಿ 137 ದಾಳಿಗಳಿಗೆ ಹೋಗಿ ಉಳಿದು ಬಂದ ವಿಮಾನ.

ಅದರೊಳಗೆ ಏಳು ಜನ. ಬಾಗಿಲು ಬಾಲದ ಹತ್ತಿರ. ಹತ್ತಿದ ಮೇಲೆ ಆರು ಜನ ಮುಂದಕ್ಕೆ ಹೋಗುತ್ತಿದ್ದರು, ಒಬ್ಬ ಮಾತ್ರ ಹಿಂದಕ್ಕೆ. ಬಾಲದ ತುದಿಯ ಗಾಜಿನ ಗೂಡಿನಲ್ಲಿ, ನಾಲ್ಕು ಬಂದೂಕುಗಳ ನಡುವೆ, ಬಂದ ದಾರಿಯನ್ನೇ ನೋಡುತ್ತ ಏಳೆಂಟು ಗಂಟೆ ಕೂರಬೇಕು. ವೈರ್‌ಲೆಸ್ಸಿನವನ ಪಕ್ಕದಲ್ಲಿ ಬಿಸಿಗಾಳಿ ಬರುತ್ತಿತ್ತಂತೆ. ಅವನು ಬೆವರುವಾಗ ಈ ಹುಡುಗ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ಚಳಿಯಲ್ಲಿ ನಡುಗುತ್ತಿದ್ದ. ಕತ್ತಲಲ್ಲಿ ಶತ್ರುವಿಮಾನ ಚೆನ್ನಾಗಿ ಕಾಣಲೆಂದು ಎದುರಿನ ಗಾಜಿನ ಹಲಗೆಯನ್ನೇ ತೆಗೆಸಿಬಿಟ್ಟವರೂ ಇದ್ದರು. ವಿದ್ಯುತ್ತಿನಿಂದ ಬೆಚ್ಚಗಾಗುವ ಉಡುಪು ಕೆಟ್ಟರೆ ಬೆರಳುಗಳಿಗೇ ಸಂಚಕಾರ. ಪ್ಯಾರಾಚೂಟ್ ಕಟ್ಟಿಕೊಂಡು ಕೂರಲು ಆ ಗೂಡಿನಲ್ಲಿ ಜಾಗವಿಲ್ಲ. ಅದು ಬೆನ್ನ ಹಿಂದಿನ ಬಾಗಿಲಿನಾಚೆ ತೂಗುತ್ತಿತ್ತು. ವಿಮಾನಕ್ಕೆ ಬೆಂಕಿ ಬಿದ್ದಾಗ ಬಾಗಿಲು ತೆರೆದು ಅದನ್ನು ಎಳೆದುಕೊಳ್ಳಬೇಕು. ನಾನು ಆ ಗೂಡಿನ ಕೆಳಗೆ ತುಂಬಾ ಹೊತ್ತು ನಿಂತೆ, ಪುಟ್ಟಿ. ಅವರಲ್ಲಿ ಹೆಚ್ಚಿನವರಿಗೆ ನಿನ್ನದೇ ವಯಸ್ಸು, ಇಪ್ಪತ್ತೊಂದು, ಇಪ್ಪತ್ತೆರಡು.

ಒಬ್ಬೊಬ್ಬರಿಗೆ ಒಂದು ಸರದಿಯಲ್ಲಿ ಮೂವತ್ತು ದಾಳಿ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು. ಅವರು ಸುರಿದ ಬಾಂಬುಗಳ ಕೆಳಗೂ ತಾಯಂದಿರಿದ್ದರು, ಮಕ್ಕಳಿದ್ದರು. 1943ರ ಜುಲೈನಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವೊಂದರಲ್ಲೇ ಸಾವಿರಾರು ಜನ ಬೆಂದುಹೋದರು. ಇದನ್ನು ಬಿಟ್ಟು ಆ ಹುಡುಗರ ಧೈರ್ಯವನ್ನಷ್ಟೇ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಬಾಲದಲ್ಲಿ ಕೂತಿದ್ದವನ ಮೇಲಿನ ಮರುಕವೂ ಹೋಗುವುದಿಲ್ಲ.

ನಿನಗೆ ಬರೆಯಲು ಕೂತದ್ದು ಇನ್ನೊಂದು ಸಂಗತಿಗಾಗಿ. ಅಷ್ಟು ಎತ್ತರದಲ್ಲಿ ಆಮ್ಲಜನಕದ ಕೊಳವೆ ಹೆಪ್ಪುಗಟ್ಟಿದರೆ ಮನುಷ್ಯ ತನಗೇ ತಿಳಿಯದಂತೆ ಪ್ರಜ್ಞೆ ತಪ್ಪುತ್ತಾನೆ. ಹಾಗಾಗಿ ಪೈಲಟ್ ಆಗಾಗ ಒಬ್ಬೊಬ್ಬರನ್ನೇ ಕರೆದು ಸರಿಯಾಗಿದ್ದೀಯಾ ಎಂದು ಕೇಳುತ್ತಿದ್ದ. ರಾತ್ರಿಯಿಡೀ ಅದೇ ಪ್ರಶ್ನೆ. ಬಾಲದಿಂದ ಉತ್ತರ ಬರದಿದ್ದರೆ ಯಾರಾದರೊಬ್ಬರು ಆಮ್ಲಜನಕದ ಸಣ್ಣ ಸಿಲಿಂಡರ್ ಹಿಡಿದು, ಕತ್ತಲಲ್ಲಿ ತಡವರಿಸುತ್ತ ಅವನಿದ್ದಲ್ಲಿಗೆ ಹೋಗುತ್ತಿದ್ದರು.

ನಾವು ಊರಿಗೆ ಬರಲು ಇನ್ನೂ ಮೂರು ವಾರ ಇದೆ. ರಾತ್ರಿ ಫೋನ್ ಮಾಡುತ್ತೇನೆ, ಎತ್ತು.

ನಿನ್ನ
ಅಮ್ಮ