ಗ್ರಂಥಾಲಯದಲ್ಲಿ ಸಿಕ್ಕ ಆ ಅಪರಿಚಿತರಿಗೆ

ಮಗಳು ಆಗಷ್ಟೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಕಥೆ ಪುಸ್ತಕವೆಂದರೆ ಮುಖ ತಿರುಗಿಸುವಳು. ಕಪಾಟಿನ ಮುಂದೆ ಸೋತು ನಿಂತಿದ್ದ ನನಗೆ ನೀವು, "ಕಥೆಯೇ ಯಾಕೆ? ನಿಜ ಸಂಗತಿ ಕೊಟ್ಟು ನೋಡಿ" ಎಂದು ಆಕ್ಟೋಪಸ್ ಬಗೆಗಿನ ತೆಳುವಾದ ಚಿತ್ರಪುಸ್ತಕ ಕೈಗಿಟ್ಟಿರಿ. ಪುಟಕ್ಕೊಂದೇ ಸಾಲು, ದೊಡ್ಡ ಅಕ್ಷರ, ಆ ಸಾಲು ಹೇಳಿದ್ದನ್ನೇ ತೋರಿಸುವ ಫೋಟೊ. "ಪದ ತಿಳಿಯದಿದ್ದರೆ ಚಿತ್ರ ನೋಡಲಿ, ತಕ್ಷಣ ಹೇಳಿಕೊಡಬೇಡಿ" ಎಂದಿರಿ. ಆ ಮಾತು ಪುಸ್ತಕದಷ್ಟೇ ಉಪಕಾರ ಮಾಡಿತು.

ಆಕ್ಟೋಪಸ್‌ಗೆ 3 ಹೃದಯ, ರಕ್ತ ನೀಲಿ! 'ರಕ್ತ'ದ ಒತ್ತಕ್ಷರಕ್ಕೆ ತಡವರಿಸಿದಳು, ಆದರೆ ಬಿಡಲಿಲ್ಲ. ಓದಿ ಮುಗಿಸಿ ಮನೆಯವರನ್ನೆಲ್ಲ ಕರೆದಳು. ಈಗ, ಜೇಡಕ್ಕೆ 8 ಕಾಲು, ಹಾಗಾಗಿ ಅದು ಕೀಟವಲ್ಲ ಎಂದು ನನ್ನನ್ನೇ ತಿದ್ದುತ್ತಾಳೆ.

ಅಂದು ನಿಮ್ಮ ಹೆಸರನ್ನೂ ಕೇಳಲಿಲ್ಲ. ನಿಮಗೆ ಮನಸಾರೆ ಧನ್ಯವಾದ.