ತಪಾಸಣೆಗೆ ಬಂದವರನ್ನ ವಾಪಸ್ ಕಳಿಸಬೇಡಿ

ಎಲ್ಲರಿಗೂ ನಮಸ್ಕಾರ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯವರು ತಪಾಸಣೆಗೆ ಮನೆ ಹತ್ರ ಬಂದ್ರೆ ಕೆಲವರು "ನಾವು ಗಟ್ಟಿಮುಟ್ಟಾಗಿದ್ದೀವಿ, ಏನೂ ಬೇಡ" ಅಂತಿದ್ದಾರಂತೆ. ಹಾಗೆ ಮಾಡಬೇಡಿ. 30 ದಾಟಿದವರಿಗೆ ಬಿಪಿ, ಶುಗರ್ ನೋಡ್ತಾರೆ. ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣಗಳನ್ನೂ ವಿಚಾರಿಸ್ತಾರೆ. ಬಿಪಿ ಹೇಳಿ ಕೇಳಿ ಬರಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಕಿಡ್ನಿಗೇ ಕೈ ಹಾಕುತ್ತೆ. ದಿನಕ್ಕೊಂದು ಮಾತ್ರೆಯ ಖರ್ಚೆಲ್ಲಿ, ವಾರಕ್ಕೆ ಎರಡು ಮೂರು ಡಯಾಲಿಸಿಸ್ ಎಲ್ಲಿ! ಎರಡಕ್ಕೂ ದುಡ್ಡು ಹೋಗೋದು ನಮ್ಮ ತೆರಿಗೆಯಿಂದಲೇ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಬಗ್ಗೆ ಪದೇ ಪದೇ ಕೇಳ್ತಿದ್ದೀರಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಖರ್ಚನ್ನ ಸರ್ಕಾರ ಕೊಡುತ್ತೆ. ಎಪಿಎಲ್ ಆದ್ರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ತಗೊಂಡು ಖಾಸಗಿಗೆ. ತುರ್ತು ಇದ್ರೆ ಚೀಟಿಗೆ ಕಾಯಬೇಡಿ. ಈ ಚೀಟಿ ಅಲೆದಾಟ ಅನ್ಸುತ್ತೆ, ನನಗೂ ಅನ್ಸಿದೆ. ಆದ್ರೆ ಇದಿಲ್ದಿದ್ರೆ ಸಣ್ಣಪುಟ್ಟ ಕಾಯಿಲೆಗೂ ದೊಡ್ಡ ಆಸ್ಪತ್ರೆಯ ಬಿಲ್ಲು ಸರ್ಕಾರದ ತಲೆ ಮೇಲೆ.

ಮನೇಲಿ ವಯಸ್ಸಾದವರಿದ್ರೆ ಅವರ ಹಳೇ ಮಾತ್ರೆ ಚೀಟಿ ತೆಗೆದಿಡಿ, ತಪಾಸಣೆಗೆ ಬಂದವರು ಕೇಳ್ತಾರೆ.