ಮಗಳಿಗೊಂದು ಪತ್ರ: ಅದು ಮೀನಲ್ಲ

ಕಲಬುರಗಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನೆ ಫೋನ್ ನಾನೇ ಸಿಟ್ಟಿಲೆ ಇಟ್ಟೆ. "ಬೋಟ್ ಹತ್ತಿ ಮೀನಾ ಎಣಿಸ್ಲಾಕ ಅಷ್ಟು ದೂರ ಕಾರವಾರಕ್ಕ ಹೋಗ್ಬೇಕಿತ್ತೇನು?" ಅಂದೆ. "ಅದು ಮೀನಲ್ಲಪ್ಪ" ಅಂದಿ. ಆ ಮಾತು ಕಿವ್ಯಾಗೇ ಉಳೀತು. ರಾತ್ರಿ ನೀ ಬಿಟ್ಟು ಹೋದ ನೋಟ್‌ಬುಕ್ ತಗೊಂಡು ಕುಂತೆ.

ಹೌದವ್ವ, ಬಾಟಲಿ ಮೂತಿಯ ಡಾಲ್ಫಿನ್ ಮೀನಲ್ಲ. ಹನ್ನೆರಡು ತಿಂಗಳ ಬಸುರು, ಹೆಚ್ಚಾಗಿ ಬಾಲ ಮುಂದ ಮಾಡಿ ಬರೋ ಕೂಸು, ಹಾಲುಂಡು 3ರಿಂದ 6 ವರ್ಷ ತಾಯಿ ಮಗ್ಗುಲಾಗೇ. ಮಲಗಿದ್ರೂ ಅರ್ಧ ಮಿದುಳು ಎಚ್ಚರ ಇರ್ತದ. ಉಸಿರು ನಮ್ಮಂಗ ತಾನಾಗೇ ಆಡಲ್ಲ, ನೆನಪಿಟ್ಟು ಮ್ಯಾಲ ಬಂದು ತಗೋಬೇಕು. ನಿಮ್ಮವ್ವಗ ಓದಿ ಹೇಳಿದೆ. "ಹಡದೋರು ಎಲ್ಲಾರೂ ಹಂಗೇ ಮಲಗೋದು" ಅಂದ್ಲು, ರೊಟ್ಟಿ ಬಡಕೋತ.

ನಾ ನಿಂತಿದ್ದು ಸಿಳ್ಳಿನ ಪುಟಕ್ಕ. ಹುಟ್ಟಿದ ವರ್ಷದೊಳಗೇ ಪ್ರತಿ ಮರಿ ತನ್ನದೇ ಒಂದು ಸಿಳ್ಳು ಕಟ್ಕೋತದ, ಹೆಸರಿದ್ದಂಗ. ಅಗಲಿದ್ರ ತಾಯಿ-ಮರಿ ಎರಡೂ ತಮ್ತಮ್ಮ ಸಿಳ್ಳು ಹಾಕ್ತಾವ. ಒಂದ್ಕಾಲಕ್ಕ ಕೂಡಿದ್ದ ಡಾಲ್ಫಿನ್ನಿನ ಸಿಳ್ಳನ್ನ 20 ವರ್ಷದ ಮ್ಯಾಲೂ ಗುರುತು ಹಿಡಿದಾವ ಅಂತ 2013ರಾಗ ಬಂದ ಸಂಶೋಧನೆನೂ ಬರ್ಕೊಂಡೀದಿ.

ಅಲ್ಲಿಂದ ಮುಂದ ಓದ್ಲಿಕ್ಕಾಗ್ಲಿಲ್ಲ. ಶರಣಬಸವೇಶ್ವರ ಜಾತ್ರಿ, ನಿನಗ ಐದು ವರ್ಷ. ತೇರಿನ ಗದ್ದಲದಾಗ ನನ್ನ ಕೈ ಬಿಟ್ಟಿ. ಬೆಂಡು-ಬತ್ತಾಸಿನ ಅಂಗಡಿ, ಬಳಿ ಅಂಗಡಿ, ಎಲ್ಲಾ ಕಡಿ ನಿನ್ನ ಹೆಸರು ಕೂಗಿ ಗಂಟಲು ಹರೀತು. ಅಪ್ಪನ ಕೆರಿ ದಂಡಿಗೆ ಬಂದ್ರ ನಿನ್ನ ಕೆಂಪು ಚಪ್ಪಲ್ ಒಂದು ನೀರಾಗ ತೇಲ್ತಿತ್ತು. ಬರೇ ಚಪ್ಪಲ್. ನೀನು ನಾಕು ಹೆಜ್ಜಿ ಆಚೆ ಕುಕ್ಕರಗಾಲಿಲೆ ಕುಂತು ನೀರು ನೋಡ್ಲತ್ತಿದ್ದಿ. "ಕರದಿದ್ದು ಕೇಳಿಸ್ತಪ್ಪ, ಓ ಅಂದ್ರ ಮೀನಾ ಓಡಿ ಹೋಗ್ತಿದ್ವು" ಅಂದಿ. ಕಪಾಳಕ್ಕ ಹೊಡದೆ. ಹೊಡಿಬಾರದಿತ್ತು. ಹದಿನೇಳು ವರ್ಷದ ಮ್ಯಾಲ ಹೇಳ್ಲತ್ತೀನಿ. ಆದ್ರ ಆ ಚಪ್ಪಲ್ ಇವತ್ತಿಗೂ ಕಣ್ಮುಂದ ತೇಲ್ತದ ನೋಡು.

ಲೈಫ್ ಜಾಕೆಟ್ ಬಿಗಿ ಕಟ್ಕೋ, ಬಕಲ್ ನೀನೇ ಎಳದು ನೋಡ್ಕೋ. ಅಂಚಿಗೆ ಬಗ್ಗಬ್ಯಾಡ. ಗಾಳಿ ಎದ್ರ ಹೋಗೂದಿಲ್ಲ ಅಂತ ಬಾಯಿ ಬಿಟ್ಟು ಹೇಳು, ದೊಡ್ಡೋರಿದ್ರೂ ಸರಿ. ಉಂಡು ಹೋಗು. ಬಿ.ಎಡ್. ಅರ್ಜಿಗೆ ಇನ್ನೂ ಟೈಮ್ ಅದ... ಇರ್ಲಿ, ಅದನ್ನ ಓದಬ್ಯಾಡ.

ಇವತ್ತು ದಾಲ್ ಮಿಲ್ಲಿನಾಗ ಹಮಾಲರು "ಸಾಹೇಬ್ರ ಮಗಳು ಮೀನಿನ ಮ್ಯಾಲ ಓದ್ತಾಳ" ಅಂದ್ರು. ತೊಗರಿ ಚೀಲದ ಮ್ಯಾಲ ಕುಂದ್ರಿಸಿ, ಮೀನಲ್ಲ ಅಂತ ಅರ್ಧ ತಾಸು ಪಾಠ ಮಾಡೀನಿ.

ಬೋಟ್ ಹತ್ತೋ ಮುಂದ ಒಂದು ಮಿಸ್ಡ್ ಕಾಲ್ ಕೊಡು, ಇಳಿದ ಮ್ಯಾಲ ಒಂದು. ಮಾತಾಡೋದೇನೂ ಬ್ಯಾಡ.

ಇಂತಿ,
ನಿಮ್ಮಪ್ಪ